ಏಪ್ರಿಲ್ ರಜೆಗೆ ಕೆರಿಬಿಯನ್: ಅಪ್ಪ ಅಮ್ಮನನ್ನು ಕರೆದುಕೊಂಡು ಬಾರ್ಬಡೋಸ್‌ಗೆ ಹೋಗುವುದೋ, ಟ್ರಿನಿಡಾಡ್‌ಗೋ?

ಎಡಿಸನ್_ಮೈಸೂರಿಗ:
ಎಲ್ಲರಿಗೂ ನಮಸ್ಕಾರ. ನಾವು ನ್ಯೂ ಜೆರ್ಸಿಯಲ್ಲಿದ್ದೇವೆ. ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದು, ಮೇ ಕೊನೆಯವರೆಗೆ ನಮ್ಮ ಜೊತೆ ಇರುತ್ತಾರೆ. ಏಪ್ರಿಲ್ ಆರಂಭದಲ್ಲಿ ಮಗಳ ಶಾಲೆಗೆ ರಜೆ ಇರುವುದರಿಂದ, ಆ ಎಂಟು ದಿನಗಳಿಗೆ ಎಲ್ಲರೂ ಸೇರಿ ಕೆರಿಬಿಯನ್ ದ್ವೀಪವೊಂದಕ್ಕೆ ಹೋಗಬೇಕೆಂದುಕೊಂಡಿದ್ದೇವೆ.

ಕಷ್ಟ ಇರುವುದು ಆಯ್ಕೆಯಲ್ಲಿ. ಹದಿನಾಲ್ಕು ವರ್ಷದ ಮಗಳಿಗೆ ತಿಳಿನೀರಿನ ಕಡಲು, ಹವಳ, ಆಮೆಗಳು ಬೇಕು. ಅಮ್ಮ ಶುದ್ಧ ಸಸ್ಯಾಹಾರಿ, ಮೊಣಕಾಲು ನೋವಿರುವುದರಿಂದ ಹೆಚ್ಚು ನಡೆಯಲಾರರು. ಅಪ್ಪನಿಗೆ 72 ವರ್ಷ. ಅವರದು ಒಂದೇ ಆಸೆ: ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನವನ್ನು ಒಮ್ಮೆ ಕಣ್ಣಾರೆ ನೋಡುವುದು. ನನ್ನ ಹೆಂಡತಿಯಾದರೋ ಬಾರ್ಬಡೋಸ್ ಸುರಕ್ಷಿತ, ಅಲ್ಲಿಗೇ ಹೋಗೋಣ ಎನ್ನುತ್ತಾಳೆ. ಎರಡನ್ನೂ ಸೇರಿಸಿದರೆ ವಿಮಾನ ನಿಲ್ದಾಣಗಳಲ್ಲೇ ರಜೆ ಕಳೆದುಹೋಗುತ್ತದೆಯೇ? ಹೋಗಿ ಬಂದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಡಲಹಕ್ಕಿ:
ನಿಮ್ಮ ಮನೆಯವರ ಮಾತು ಸರಿ, ಬಾರ್ಬಡೋಸ್‌ಗೆ ಹೋಗಿ. ನಾವು ಎರಡು ಸಲ ಹೋಗಿದ್ದೇವೆ. ದ್ವೀಪದ ಉದ್ದ ಸುಮಾರು 34 ಕಿಲೋಮೀಟರ್, ಅಗಲ 23 ಕಿಲೋಮೀಟರ್, ಹಾಗಾಗಿ ಎಲ್ಲಿ ಉಳಿದುಕೊಂಡರೂ ಯಾವುದೂ ದೂರವಲ್ಲ. ಪಶ್ಚಿಮ ದಿಕ್ಕಿನ ಕಡಲು ಕೆರೆಯಂತೆ ಶಾಂತವಾಗಿರುತ್ತದೆ. ಬ್ರಿಡ್ಜ್‌ಟೌನ್ ಪಕ್ಕದ ಕಾರ್ಲೈಲ್ ಕೊಲ್ಲಿಯಲ್ಲಿ ದೋಣಿಯವರು ಆಮೆಗಳಿರುವಲ್ಲಿಗೆ ಮತ್ತು ಮುಳುಗಿದ ಹಡಗುಗಳ ಮೇಲಕ್ಕೆ ಕರೆದೊಯ್ಯುತ್ತಾರೆ, ನಿಮ್ಮ ಮಗಳಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಹ್ಯಾರಿಸನ್ ಗುಹೆಯನ್ನು ಟ್ರಾಮಿನಲ್ಲಿ ಕುಳಿತೇ ನೋಡಬಹುದು, ಅಮ್ಮ ನಡೆಯಬೇಕಿಲ್ಲ. ಕಡಲತೀರಗಳೆಲ್ಲ ಸಾರ್ವಜನಿಕ, ಯಾವ ಹೋಟೆಲಿನವರೂ ತೀರ ತಮ್ಮದೆಂದು ನಿಮ್ಮನ್ನು ಎಬ್ಬಿಸುವಂತಿಲ್ಲ. ಹಣದ ಲೆಕ್ಕವೂ ಸುಲಭ: ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್, 1975ರಿಂದ ಅದು ಬದಲಾಗಿಲ್ಲ.

ಎರಡು ಎಚ್ಚರಿಕೆಗಳಿವೆ. ತೀರದಲ್ಲಿ ಮ್ಯಾಂಚಿನೀಲ್ ಎಂಬ ಮರ ಬೆಳೆಯುತ್ತದೆ, ಅದರ ಪುಟ್ಟ ಹಸಿರು ಹಣ್ಣು ಸೇಬಿನಂತೆ ಕಂಡರೂ ವಿಷ. ಮಳೆ ಬಂತೆಂದು ಆ ಮರದ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರಿನಿಂದಲೂ ಚರ್ಮ ಬೊಬ್ಬೆಯೇಳುತ್ತದೆ. ಅನೇಕ ಕಡೆ ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿದಿರುತ್ತಾರೆ, ಮಗಳಿಗೆ ಮೊದಲೇ ತೋರಿಸಿ. ಎರಡನೆಯದು, ಸೈನಿಕರ ಸಮವಸ್ತ್ರದಂಥ ಮಚ್ಚೆಮಚ್ಚೆ ಬಟ್ಟೆಯನ್ನು ಸಾಮಾನ್ಯರು ಧರಿಸುವುದು ಅಲ್ಲಿ ಕಾನೂನುಬಾಹಿರ, ಮಕ್ಕಳಿಗೂ ವಿನಾಯಿತಿ ಇಲ್ಲ.

ಟೊರಾಂಟೊ_ಕನ್ನಡತಿ:
ಬಟ್ಟೆಯ ಆ ನಿಯಮ ಟ್ರಿನಿಡಾಡ್‌ನಲ್ಲೂ ಇದೆ. ಎಲ್ಲಿಗೆ ಹೋದರೂ ಅಂಥ ಚಡ್ಡಿ, ಟೋಪಿ, ಚೀಲಗಳನ್ನು ಮನೆಯಲ್ಲೇ ಬಿಟ್ಟು ಹೊರಡಿ.

ಹಳೆಯ_ರೇಡಿಯೊ:
ನಿಮ್ಮ ತಂದೆಯವರಿಗೆ ಆ ಮೈದಾನ ಏಕೆ ಬೇಕೆಂದು ನನಗೆ ಅರ್ಥವಾಗುತ್ತದೆ. 1976ರ ಏಪ್ರಿಲ್ 12. ಅಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ ಭಾರತ ಗೆಲ್ಲಲು 403 ರನ್ ಬೇಕಿತ್ತು, ನಾಲ್ಕು ವಿಕೆಟ್ ಕಳೆದುಕೊಂಡು 406 ಗಳಿಸಿ ಗೆದ್ದಿತು. ಟೆಸ್ಟ್ ಕ್ರಿಕೆಟ್‌ನ ನಾಲ್ಕನೇ ಇನಿಂಗ್ಸ್‌ನಲ್ಲಿ 400 ದಾಟಿ ಗೆದ್ದವರು ಅದಕ್ಕೂ ಮೊದಲು 1948ರ ಆಸ್ಟ್ರೇಲಿಯಾದವರು ಮಾತ್ರ. ಗಾವಸ್ಕರ್ 102, ಮೊಹಿಂದರ್ 85, ನಮ್ಮ ಗುಂಡಪ್ಪ ವಿಶ್ವನಾಥ್ 112. ಕೊನೆಯಲ್ಲಿ ನಮ್ಮವರೇ ಆದ ಬ್ರಿಜೇಶ್ ಪಟೇಲ್ 49 ಗಳಿಸಿ ಔಟಾಗದೆ ಉಳಿದರು. ಮೊದಲ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತವರು ಚಂದ್ರಶೇಖರ್. ಪಂದ್ಯ ನಡೆಯಬೇಕಾಗಿದ್ದುದು ಗಯಾನಾದ ಜಾರ್ಜ್‌ಟೌನ್‌ನಲ್ಲಿ, ಅಲ್ಲಿ ಮಳೆ ಹಿಡಿದುಕೊಂಡಿದ್ದರಿಂದ ಪೋರ್ಟ್ ಆಫ್ ಸ್ಪೇನ್‌ಗೆ ಸ್ಥಳಾಂತರಿಸಿದರು.

ಆಗ ನಾನು ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದೆ. ಬೆಳಗಿನ ರೇಡಿಯೊ ವಾರ್ತೆಯಲ್ಲಿ ಫಲಿತಾಂಶ ಕೇಳಿ ನಮ್ಮ ಓಣಿಯವರೆಲ್ಲ ಬೀದಿಗೆ ಬಂದಿದ್ದರು. 2026ರ ಏಪ್ರಿಲ್ 12ಕ್ಕೆ ಅದಕ್ಕೆ ಸರಿಯಾಗಿ 50 ವರ್ಷ ತುಂಬುತ್ತದೆ. ನೀವು ಹೋಗುವುದು ಅದೇ ವಾರ. ಇಷ್ಟು ತಿಳಿದ ಮೇಲೂ ಅವರನ್ನು ಬೇರೆ ದ್ವೀಪಕ್ಕೆ ಕರೆದೊಯ್ಯಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೆಂದಕಾಳೂರು:
ಕ್ರಿಕೆಟ್ ನೆನಪಿಗಾಗಿ ಹೋಗುವುದಾದರೆ ಆಂಟಿಗಾ ಏಕೆ ಬೇಡ? 2002ರಲ್ಲಿ ದವಡೆ ಮುರಿದ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದು ವೆಸ್ಟ್ ಇಂಡೀಸ್‌ನ ಬ್ರಯಾನ್ ಲಾರಾ ಅವರನ್ನು ಔಟ್ ಮಾಡಿದ್ದು ಅಲ್ಲಿನ ಸೇಂಟ್ ಜಾನ್ಸ್‌ನಲ್ಲಿ.

ಕಡಲಹಕ್ಕಿ:
ಹಾಗೆ ನೋಡಿದರೆ 2024ರ ಜೂನ್ 29ರಂದು ರಾಹುಲ್ ದ್ರಾವಿಡ್ ಕೋಚ್ ಆಗಿದ್ದ ತಂಡ ಟಿ20 ವಿಶ್ವಕಪ್ ಎತ್ತಿಹಿಡಿದದ್ದು ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಕನ್ನಡಿಗರ ಕ್ರಿಕೆಟ್ ನೆನಪು ಯಾವ ದ್ವೀಪದಲ್ಲಿ ಇಲ್ಲ ಹೇಳಿ?

ಹಳೆಯ_ರೇಡಿಯೊ:
ಇದೆ, ಒಪ್ಪುತ್ತೇನೆ. ಆದರೆ ಅವರ ತಂದೆ ಕೇಳಿರುವುದು ಯಾವುದೋ ಒಂದು ಮೈದಾನವನ್ನಲ್ಲ, ಆ ಮೈದಾನವನ್ನು.

ಟೊರಾಂಟೊ_ಕನ್ನಡತಿ:
ನಾನು ಟ್ರಿನಿಡಾಡ್ ಪರ. ನಮ್ಮ ಪಕ್ಕದ ಮನೆಯವರು ಟ್ರಿನಿಡಾಡಿನ ಚಗುವಾನಾಸ್ ಪಟ್ಟಣದವರು, ಅವರ ಜೊತೆಯಲ್ಲೇ ಎರಡು ಸಲ ಹೋಗಿ ಬಂದಿದ್ದೇನೆ.

ಮೊದಲು ಊಟದ ಮಾತು. ಸಸ್ಯಾಹಾರಿಗಳಿಗೆ ಕೆರಿಬಿಯನ್‌ನಲ್ಲಿ ಇಷ್ಟು ಸಲೀಸಾದ ದ್ವೀಪ ಇನ್ನೊಂದಿಲ್ಲವೆಂದೇ ನನ್ನ ಅನುಭವ. ಬೆಳಗಿನ ಹೊತ್ತು ರಸ್ತೆಬದಿಯಲ್ಲಿ 'ಡಬಲ್ಸ್' ಮಾರುತ್ತಾರೆ: ಎರಡು ಮೆತ್ತನೆಯ ಬಡಾಗಳ ನಡುವೆ ಕಡಲೆಕಾಳಿನ ಗೊಜ್ಜು, ಮೇಲೆ ಹುಣಿಸೆಯ ಚಟ್ನಿ. ಖಾರ ಎಷ್ಟು ಬೇಕೆಂದು ಮಾರುವವರೇ ಕೇಳುತ್ತಾರೆ. ಮೊದಲ ದಿನ ಸ್ವಲ್ಪವೇ ಸಾಕೆನ್ನಿ, ಅವರ ಮೆಣಸಿನಕಾಯಿ ನಮ್ಮ ಬ್ಯಾಡಗಿಯಂತಲ್ಲ. ಬೇಳೆಯ ಹೂರಣ ತುಂಬಿದ 'ದಾಲ್‌ಪುರಿ'ಯನ್ನು ಆಲೂಗಡ್ಡೆ, ಕುಂಬಳ, ಸೊಪ್ಪಿನ ಪಲ್ಯದ ಜೊತೆ ಕೊಡುತ್ತಾರೆ. ಬೆಲ್ಲವಿಲ್ಲದ ಹೋಳಿಗೆಯೆಂದು ಅಮ್ಮನಿಗೆ ಹೇಳಿದರೆ ಕೂಡಲೇ ತಿಳಿಯುತ್ತದೆ. 'ಕಲಾಲು' ಎಂಬ ಸೊಪ್ಪಿನ ಹುಳಿಯಂಥ ಪದಾರ್ಥಕ್ಕೆ ಮಾತ್ರ ಅನೇಕರು ಏಡಿ ಹಾಕುತ್ತಾರೆ, ಕೇಳಿಯೇ ತಿನ್ನಬೇಕು.

ಎರಡನೆಯದಾಗಿ, ನೀವು ಮೈಸೂರಿನವರು. ಕರಪಿಚೈಮಾ ಎಂಬ ಊರಿನಲ್ಲಿ 85 ಅಡಿ ಎತ್ತರದ ಹನುಮಂತನ ವಿಗ್ರಹವಿದೆ. 2003ರಲ್ಲಿ ಅದನ್ನು ಪ್ರತಿಷ್ಠಾಪಿಸಿದವರು ನಿಮ್ಮ ಊಟಿ ರಸ್ತೆಯ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಪಕ್ಕದಲ್ಲಿರುವ ದತ್ತಾತ್ರೇಯ ಮಂದಿರ ದಕ್ಷಿಣದ ಶೈಲಿಯದು. ಕಬ್ಬಿನ ಗದ್ದೆಗಳಿದ್ದ ಆ ಬಯಲಿನಲ್ಲಿ ಗೋಪುರ ಕಂಡಾಗ ನನಗಂತೂ ಕಣ್ಣು ತುಂಬಿ ಬಂದಿತ್ತು.

ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ವಾಟರ್ಲೂ ಎಂಬಲ್ಲಿ ಕಡಲೊಳಗಿನ ಗುಡಿಯಿದೆ. ಶಿವದಾಸ ಸಾಧು ಎಂಬ ಕೂಲಿಕಾರರು 1940ರ ದಶಕದಲ್ಲಿ ಕಡಲಂಚಿನಲ್ಲಿ ಒಂದು ಗುಡಿ ಕಟ್ಟಿದ್ದರು. ಜಾಗ ಕಬ್ಬಿನ ಕಂಪನಿಯದಾಗಿದ್ದರಿಂದ ಗುಡಿಯನ್ನು ಕೆಡವಿ, ಅವರನ್ನು ಸೆರೆಮನೆಗೆ ಹಾಕಿದರು. ನೆಲ ಕಂಪನಿಯದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು ಅವರು ಸೈಕಲ್ಲಿನಲ್ಲಿ ಕಲ್ಲುಮಣ್ಣು ಹೊತ್ತು ವರ್ಷಗಟ್ಟಲೆ ಕಡಲಿಗೆ ಸುರಿದು, ಆ ದಿಬ್ಬದ ಮೇಲೆ ಮತ್ತೆ ಗುಡಿ ಕಟ್ಟಿದರು. ಈಗಿರುವ ಕಟ್ಟಡ 1995ರದು. ಅಲ್ಲಿಗೆ ಕಾಲುದಾರಿ ಇದೆ, ದೂರ ಸ್ವಲ್ಪವೇ, ನಿಮ್ಮ ಅಮ್ಮ ನಿಧಾನವಾಗಿ ನಡೆದು ಹೋಗಬಲ್ಲರು. ತೀರದಲ್ಲಿ ಹಿಂದೂಗಳ ದಹನಭೂಮಿಯಿದೆ, ಚಿತೆ ಉರಿಯುತ್ತಿರುವುದು ಕಂಡರೆ ಗಾಬರಿಯಾಗದಂತೆ ಮಗಳಿಗೆ ಮೊದಲೇ ತಿಳಿಸಿರಿ.

ಕಡಲಹಕ್ಕಿ:
ಗುಡಿಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸುರಕ್ಷತೆಯ ಮಾತನ್ನು ನೀವು ಎತ್ತಲೇ ಇಲ್ಲ. ಟ್ರಿನಿಡಾಡ್ ಸರ್ಕಾರ ಅಪರಾಧಿ ಗ್ಯಾಂಗ್‌ಗಳು ನಡೆಸುವ ಕೊಲೆಗಳನ್ನು ತಡೆಯಲಾಗದೆ 2024ರ ಡಿಸೆಂಬರ್ ಕೊನೆಯಲ್ಲಿ ತುರ್ತು ಪರಿಸ್ಥಿತಿ ಘೋಷಿಸಿತು, 2025ರಲ್ಲಿ ಮತ್ತೊಮ್ಮೆ ಘೋಷಿಸಿತು. ವಯಸ್ಸಾದವರನ್ನೂ ಮಗಳನ್ನೂ ಕರೆದುಕೊಂಡು ಹೋಗುವವರಿಗೆ ಇದನ್ನು ಮರೆಮಾಡಿ ಸಲಹೆ ಕೊಡುವುದು ಸರಿಯಲ್ಲ.

ಟೊರಾಂಟೊ_ಕನ್ನಡತಿ:
ಮರೆಮಾಡುವ ಉದ್ದೇಶ ನನ್ನದಲ್ಲ, ಆ ಮಾತು ಮೊದಲೇ ಬರಬೇಕಿತ್ತು, ಒಪ್ಪುತ್ತೇನೆ. ಅಪರಾಧಗಳು ನಿಜ. ಅವು ಹೆಚ್ಚಾಗಿ ಪೋರ್ಟ್ ಆಫ್ ಸ್ಪೇನ್‌ನ ಪೂರ್ವ ಭಾಗದ ಲ್ಯಾವೆಂಟಿಲ್‌ನಂಥ ಬಡಾವಣೆಗಳಲ್ಲಿ ನಡೆಯುತ್ತವೆ, ಆದರೆ ಉಳಿದ ಕಡೆ ನಿಶ್ಚಿಂತೆಯಿಂದ ಇರಬಹುದೆಂದು ನಾನು ಹೇಳಲಾರೆ. ನಾವು ಪಾಲಿಸಿದ ಕ್ರಮ ಇಷ್ಟು: ಪರಿಚಯದವರು ಗೊತ್ತುಮಾಡಿದ ಒಬ್ಬರೇ ಚಾಲಕರು ಮೂರು ದಿನವೂ ನಮ್ಮ ಜೊತೆಗಿದ್ದರು. ಕತ್ತಲಾದ ಮೇಲೆ ಎಲ್ಲಿಗೂ ನಡೆದು ಹೋಗಲಿಲ್ಲ. ಚಿನ್ನದ ಸರ, ಬಳೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆವು. ನಿರ್ಜನ ಕಡಲತೀರಗಳಿಗೆ ಹೋಗಲಿಲ್ಲ. ಅಮ್ಮ ಮಾಂಗಲ್ಯದ ಸರ ತೆಗೆಯಲು ಒಪ್ಪದಿದ್ದರೆ ಕುತ್ತಿಗೆ ಮುಚ್ಚುವ ರವಿಕೆ ತೊಡಲಿ.

ಟಿಕೆಟ್ ಕೊಳ್ಳುವ ದಿನ ಮತ್ತು ಹೊರಡುವ ವಾರ ಸರ್ಕಾರದ ಪ್ರಯಾಣ ಸೂಚನೆಗಳನ್ನು ಓದಿ. ಪರಿಸ್ಥಿತಿ ಕೆಟ್ಟಿದ್ದರೆ ಬಾರ್ಬಡೋಸ್‌ಗೆ ಹೋಗಿ, ನಾನೇನೂ ಹಟ ಹಿಡಿಯುವುದಿಲ್ಲ.

ಧಾರವಾಡದ_ವೈದ್ಯೆ:
ಯಾರೂ ಹೇಳದ ಒಂದು ವಿಷಯ. ಭಾರತ ಸರ್ಕಾರ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಟ್ರಿನಿಡಾಡನ್ನು ಸೇರಿಸಿದೆ. ಅಲ್ಲಿಂದ ಭಾರತಕ್ಕೆ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲದಿದ್ದರೆ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. 2016ರಿಂದ ಅದು ಜೀವಮಾನವಿಡೀ ನಡೆಯುತ್ತದೆ. ಕಷ್ಟವೇನೆಂದರೆ ಇದು ಜೀವಂತ ವೈರಸ್ಸಿನ ಲಸಿಕೆಯಾದ್ದರಿಂದ 60 ದಾಟಿದವರಿಗೆ ಗಂಭೀರ ಅಡ್ಡಪರಿಣಾಮಗಳ ಸಾಧ್ಯತೆ ಹೆಚ್ಚು. ನಿಮ್ಮ ತಂದೆ ತಾಯಿಗೆ ಕುಟುಂಬ ವೈದ್ಯರನ್ನು ಕೇಳದೆ ಕೊಡಿಸಬೇಡಿ.

ಎಡಿಸನ್_ಮೈಸೂರಿಗ:
ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಟ್ರಿನಿಡಾಡ್ ಕೈಬಿಡಬೇಕಾಗುತ್ತದೆಯೇ? ಅಪ್ಪನಿಗೆ ರಕ್ತದೊತ್ತಡವೂ ಇದೆ.

ಕಾಗದಪತ್ರ:
ಕೈಬಿಡಬೇಕಿಲ್ಲ, ಸ್ವಲ್ಪ ತಡೆಯಿರಿ. ಭಾರತದ ನಿಯಮ ನೋಡುವುದು ಆರು ದಿನಗಳನ್ನು. ಹಳದಿ ಜ್ವರದ ಪ್ರದೇಶ ಬಿಟ್ಟು ಆರು ದಿನಗಳ ಒಳಗೆ ಭಾರತ ತಲುಪಿದವರಿಗೆ ಮಾತ್ರ ಪ್ರತ್ಯೇಕವಾಸದ ಪ್ರಶ್ನೆ ಬರುತ್ತದೆ. ನಿಮ್ಮ ತಂದೆ ತಾಯಿ ಏಪ್ರಿಲ್‌ನಲ್ಲಿ ಹೋಗಿ ಬಂದು ಮೇ ಕೊನೆಯವರೆಗೆ ನ್ಯೂ ಜೆರ್ಸಿಯಲ್ಲಿ ಇರುತ್ತಾರೆ. ಒಂದು ತಿಂಗಳಿಗಿಂತ ಹೆಚ್ಚು ಅಂತರವಿದೆ. ಅಮೆರಿಕಕ್ಕೆ ಮರಳುವಾಗ ಆ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಅಲ್ಲದೆ ಪಟ್ಟಿಯಲ್ಲಿರುವುದು ಟ್ರಿನಿಡಾಡ್ ದ್ವೀಪ ಮಾತ್ರ, ಅದೇ ದೇಶದ ಇನ್ನೊಂದು ದ್ವೀಪವಾದ ಟೊಬೇಗೊ ಅಲ್ಲ.

ಧಾರವಾಡದ_ವೈದ್ಯೆ:
ಕಾಗದಪತ್ರ ಅವರ ತಿದ್ದುಪಡಿ ಸರಿ, ಅವರು ಮೇವರೆಗೆ ಇರುತ್ತಾರೆಂಬುದನ್ನು ನಾನು ಗಮನಿಸಿರಲಿಲ್ಲ. ಆದರೆ ನಿಯಮ ಬೇರೆ, ರೋಗ ಬೇರೆ. ಟ್ರಿನಿಡಾಡಿನ ದಟ್ಟ ಕಾಡಿನೊಳಗೆ ಹೋಗುವವರಿಗೆ ಲಸಿಕೆ ಬೇಕೆಂದೇ ವೈದ್ಯರು ಹೇಳುತ್ತಾರೆ. ಆದ್ದರಿಂದ ಹಿರಿಯರನ್ನು ಉತ್ತರದ ಬೆಟ್ಟಗಳ ಕಾಡುದಾರಿಗೆ ಕರೆದೊಯ್ಯಬೇಡಿ, ಊರು, ಗುಡಿ, ಮೈದಾನ, ಕಡಲತೀರ ಸಾಕು. ಡೆಂಗಿ ಎರಡೂ ದ್ವೀಪಗಳಲ್ಲಿದೆ, ಸೊಳ್ಳೆ ಮುಲಾಮು ಮತ್ತು ತುಂಬುತೋಳಿನ ಬಟ್ಟೆ ಇರಲಿ. ಇನ್ನೊಂದು: ಅಮೆರಿಕಕ್ಕೆಂದು ಅವರಿಗೆ ಕೊಂಡಿರುವ ಆರೋಗ್ಯ ವಿಮೆ ಅಮೆರಿಕದ ಹೊರಗೂ ಅನ್ವಯಿಸುತ್ತದೆಯೇ ಎಂದು ಕರಾರುಪತ್ರ ಓದಿ ನೋಡಿ. ನನ್ನ ಅತ್ತೆಯವರಿಗೆ ಬೇರೊಂದು ದ್ವೀಪದಲ್ಲಿ ಕಾಲು ಉಳುಕಿದಾಗ ವಿಮೆಯವರು ಒಂದು ಡಾಲರನ್ನೂ ಕೊಡಲಿಲ್ಲ.

ಡಾಲಸ್_ದಾವಣಗೆರೆ:
ನನ್ನ ಪ್ರಶ್ನೆಯನ್ನೂ ಇಲ್ಲೇ ಕೇಳುತ್ತೇನೆ. ನನ್ನದು ಎಚ್-1ಬಿ ಕೆಲಸದ ವೀಸಾ, ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದೆ, ಅನುಮೋದನೆ ಪತ್ರ ಮಾತ್ರ ಚಾಲ್ತಿಯಲ್ಲಿದೆ. ಮೆಕ್ಸಿಕೊಗೆ ಹೀಗೆಯೇ ಹೋಗಿ ಬಂದಿದ್ದೇನೆ. ಕೆರಿಬಿಯನ್‌ಗೂ ಹೋಗಬಹುದಲ್ಲವೇ?

ಕಾಗದಪತ್ರ:
ದಯವಿಟ್ಟು ಹೋಗಬೇಡಿ. ಅವಧಿ ಮುಗಿದ ಮುದ್ರೆಯೊಂದಿಗೆ 30 ದಿನಗಳೊಳಗೆ ಮರಳುವ ಸೌಲಭ್ಯ ಎಚ್-1ಬಿಯವರಿಗೆ ಇರುವುದು ಕೆನಡಾ ಮತ್ತು ಮೆಕ್ಸಿಕೊಗಳಿಗೆ ಮಾತ್ರ. ಸುತ್ತಲಿನ ದ್ವೀಪಗಳಿಗೂ ಅದು ಸಲ್ಲುವುದು ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ ಮತ್ತು ವಿನಿಮಯ ಕಾರ್ಯಕ್ರಮದವರಿಗೆ. ಈ ಒಂದು ವ್ಯತ್ಯಾಸ ತಿಳಿಯದೆ ದ್ವೀಪದಿಂದ ವಿಮಾನ ಹತ್ತಲಾಗದೆ ನಿಂತವರನ್ನು ನಾನು ಬಲ್ಲೆ. ನಿಮಗೆ ಪೋರ್ಟೊ ರಿಕೊ ಒಳ್ಳೆಯದು, ಅದು ಅಮೆರಿಕದ ಒಳಗೇ ಇದ್ದಂತೆ, ದೇಶದೊಳಗಿನ ವಿಮಾನವೇ ಸಾಕು. ಹಳೆಯ ಸಾನ್ ಹ್ವಾನ್, ಎಲ್ ಯುಂಕೆ ಮಳೆಕಾಡು, ರಾತ್ರಿ ಹೊಳೆಯುವ ನೀರಿನ ವಿಯೆಕೆಸ್ ಕೊಲ್ಲಿ, ಒಂದು ವಾರಕ್ಕೆ ಬೇಕಾದಷ್ಟಿದೆ. ಅನುಮೋದನೆ ಪತ್ರ ಕೈಯಲ್ಲಿರಲಿ.

ಎಡಿಸನ್ ಅವರೇ, ನಿಮ್ಮ ವೀಸಾ ಸ್ಥಿತಿಯನ್ನೂ ಬರೆಯಿರಿ.

ಎಡಿಸನ್_ಮೈಸೂರಿಗ:
ನನಗೂ ಹೆಂಡತಿಗೂ ಗ್ರೀನ್ ಕಾರ್ಡ್, ಮಗಳು ಇಲ್ಲಿಯೇ ಹುಟ್ಟಿದವಳು. ಅಪ್ಪ ಅಮ್ಮನದು ಹತ್ತು ವರ್ಷದ ಪ್ರವಾಸಿ ವೀಸಾ, ಎಷ್ಟು ಸಲವಾದರೂ ಬರಬಹುದಾದದ್ದು.

ಕಾಗದಪತ್ರ:
ಹಾಗಿದ್ದರೆ ತೊಂದರೆಯಿಲ್ಲ. ಭಾರತೀಯ ಪಾಸ್‌ಪೋರ್ಟಿಗೆ ಟ್ರಿನಿಡಾಡ್‌ನಲ್ಲೂ ಬಾರ್ಬಡೋಸ್‌ನಲ್ಲೂ 90 ದಿನಗಳವರೆಗೆ ಪ್ರವಾಸಿ ವೀಸಾ ಬೇಕಿಲ್ಲ. ಮರಳುವ ಟಿಕೆಟ್ ಮತ್ತು ತಂಗುವ ವಿಳಾಸ ಕೇಳುತ್ತಾರೆ, ಮುದ್ರಿಸಿಟ್ಟುಕೊಳ್ಳಿ. ಹಿಂದಿರುಗುವಾಗ ಪೋಷಕರಿಗೆ ಹೊಸದಾಗಿ ಆರು ತಿಂಗಳು ಸಿಗುತ್ತದೆಂದು ಮಾತ್ರ ಭಾವಿಸಬೇಡಿ. ಇಂಥ ಚಿಕ್ಕ ದ್ವೀಪ ಪ್ರವಾಸದ ನಂತರ ಸಾಮಾನ್ಯವಾಗಿ ಹಳೆಯ ಅವಧಿಯಲ್ಲಿ ಉಳಿದಿರುವ ದಿನಗಳನ್ನೇ ಕೊಡುತ್ತಾರೆ.

ಜಯನಗರದ_ಜೋಡಿ:
ನಾವು ಬೆಂಗಳೂರಿನಿಂದಲೇ ಹೊರಡುವವರು. ವೀಸಾ ಬೇಡವೆಂದು ಕೇಳಿ ಸಂತೋಷವಾಯಿತು, ನಾಳೆಯೇ ಟಿಕೆಟ್ ಕಾದಿರಿಸಬಹುದೇ?

ಕಾಗದಪತ್ರ:
ಅವಸರ ಬೇಡ. ವೀಸಾ ಬೇಡವಾದದ್ದು ದ್ವೀಪಕ್ಕೆ, ದಾರಿಗಲ್ಲ. ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋದರೆ ಬರೀ ವಿಮಾನ ಬದಲಿಸುವುದಕ್ಕೂ ಅಮೆರಿಕದ ವೀಸಾ ಬೇಕು. ಲಂಡನ್ ಮೂಲಕವಾದರೆ ಭಾರತೀಯರಿಗೆ ಸಾಮಾನ್ಯವಾಗಿ ಬ್ರಿಟನ್ನಿನ ಸಂಚಾರ ವೀಸಾ ಬೇಕು. ಕೆಲವು ಟಿಕೆಟ್‌ಗಳು ಹೀತ್ರೂನಲ್ಲಿ ಇಳಿಸಿ ಗ್ಯಾಟ್ವಿಕ್‌ನಿಂದ ಹೊರಡಿಸುತ್ತವೆ, ಆಗ ನೀವು ಊರೊಳಗೆ ಬಂದು ಹೋಗಲೇಬೇಕಾಗುತ್ತದೆ. ಮೊದಲು ದಾರಿಯ ವೀಸಾ, ಆಮೇಲೆ ಟಿಕೆಟ್. ಟ್ರಿನಿಡಾಡ್ ಆದರೆ ನಿಮಗೆ ಆ ಆರು ದಿನಗಳ ನಿಯಮ ಖಂಡಿತ ತಗಲುತ್ತದೆ, ಬೆಂಗಳೂರಿನ ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡೇ ಹೊರಡಿ.

ಕರಾವಳಿಯ_ಮಗ:
ಊಟದ ವಿಚಾರಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಟ್ರಿನಿಡಾಡ್‌ನಲ್ಲಿ 'ಸಹೀನಾ' ಎಂಬುದನ್ನು ಕೇಳಿ ತಿನ್ನಿ. ಕೆಸುವಿನ ಎಲೆಗೆ ಬೇಳೆಹಿಟ್ಟು ಬಳಿದು ಸುರುಳಿ ಸುತ್ತಿ, ಕತ್ತರಿಸಿ ಕರಿಯುತ್ತಾರೆ. ನಮ್ಮ ಪತ್ರೊಡೆಗೆ ಒಡಹುಟ್ಟಿದ್ದು. ಬಾರ್ಬಡೋಸ್‌ನಲ್ಲಿ ಅಮ್ಮನಿಗೆ ಆಧಾರ ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್. ಬಾಲ್ಯದಲ್ಲಿ ಜೀಗುಜ್ಜೆಯ ಪೋಡಿ (ಬಜ್ಜಿ) ತಿಂದು ಬೆಳೆದ ನಮ್ಮಂಥವರಿಗೆ ಅಲ್ಲಿ ಅದನ್ನು ಕೆಂಡದಲ್ಲಿ ಸುಟ್ಟು ಬೆಣ್ಣೆ ಸವರಿ ಕೊಟ್ಟಾಗ ಆಗುವ ಸಂತೋಷವೇ ಬೇರೆ. ಆ ಮರ ಕೆರಿಬಿಯನ್ನಿನದಲ್ಲ, ಪೆಸಿಫಿಕ್ ದ್ವೀಪಗಳಿಂದ ಕ್ಯಾಪ್ಟನ್ ಬ್ಲೈ ಎಂಬವನು 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾಗಳಿಗೆ ತಂದದ್ದು, ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು.

ಬೆಂದಕಾಳೂರು:
ಪತ್ರೊಡೆ ಅಲ್ಲಿಗೆ ಹೇಗೆ ಹೋಯಿತು? ನಮ್ಮ ಕಡೆಯವರೂ ಕೂಲಿಗೆ ಹೋಗಿದ್ದರೇ?

ಟೊರಾಂಟೊ_ಕನ್ನಡತಿ:
ಹೋದವರು ಬಹುತೇಕ ಬಿಹಾರ ಮತ್ತು ಅವಧ್ ಕಡೆಯವರು, ಕಲ್ಕತ್ತದಿಂದ ಹಡಗು ಹತ್ತಿದವರು. ಮದ್ರಾಸಿನಿಂದ ಹೋದವರು ಕಡಿಮೆ. ಕೆಸುವಿನೆಲೆಯ ಸುರುಳಿ ಉತ್ತರದಲ್ಲೂ ಇದೆ, ಅದನ್ನೇ ಅವರು ಒಯ್ದಿರಬೇಕು. ಮೊದಲ ಹಡಗು 'ಫಾತೆಲ್ ರಜಾಕ್' ಮುಟ್ಟಿದ್ದು 1845ರ ಮೇ 30ರಂದು. ಆ ದಿನ ಅಲ್ಲಿ ಈಗಲೂ ಸರ್ಕಾರಿ ರಜೆ. 1917ರವರೆಗೆ 1,40,000ಕ್ಕೂ ಹೆಚ್ಚು ಜನ ಹೋದರು. ಈಗಿನವರು ಮನೆಯಲ್ಲಿ ಇಂಗ್ಲಿಷನ್ನೇ ಆಡುತ್ತಾರೆ, ಆದರೆ ಅಡುಗೆಮನೆಯ ಮಾತುಗಳು ಉಳಿದಿವೆ: ಭಾಜಿ, ತವಾ, ಬೇಲನ್. ನಮ್ಮ ಪಕ್ಕದ ಮನೆಯ ಅಜ್ಜಿ ಒಗ್ಗರಣೆಗೆ 'ಛೌಂಕ್' ಎನ್ನುತ್ತಾರೆ.

ಮಲೆನಾಡಿಗ:
ಚಂಡಮಾರುತದ ಬಗ್ಗೆ ಯಾರೂ ಯೋಚಿಸಿಲ್ಲವೇ? ವಿಶ್ವಕಪ್ ಗೆದ್ದ ತಂಡವೇ ಬೆರಿಲ್ ಚಂಡಮಾರುತದಿಂದಾಗಿ ಬಾರ್ಬಡೋಸ್‌ನಲ್ಲಿ ಸಿಕ್ಕಿಕೊಂಡು, ವಿಶೇಷ ವಿಮಾನದಲ್ಲಿ ಜುಲೈ 4ಕ್ಕೆ ದೆಹಲಿ ತಲುಪಿತು.

ಟೊರಾಂಟೊ_ಕನ್ನಡತಿ:
ಅದು ಜೂನ್ 1ರಿಂದ ನವೆಂಬರ್ 30ರವರೆಗಿನ ಕಾಲ. ಏಪ್ರಿಲ್ ಎಂದರೆ ಒಣ ಋತು. ಅಲ್ಲದೆ ಟ್ರಿನಿಡಾಡ್ ಮತ್ತು ಟೊಬೇಗೊ ತೀರ ದಕ್ಷಿಣದಲ್ಲಿರುವುದರಿಂದ ಚಂಡಮಾರುತ ಅಲ್ಲಿಗೆ ಬರುವುದೇ ಇಲ್ಲ.

ಮಲೆನಾಡಿಗ:
ಬರುವುದೇ ಇಲ್ಲ ಎನ್ನಬೇಡಿ. 1963ರ ಸೆಪ್ಟೆಂಬರ್ 30ರಂದು ಫ್ಲೋರಾ ಟೊಬೇಗೊ ಮೇಲೆ ಹಾದುಹೋಗಿ ತೋಟಗಳನ್ನೂ ಕಾಡನ್ನೂ ನೆಲಸಮ ಮಾಡಿತು. ಅಪರೂಪ ಎನ್ನಿ. ಏಪ್ರಿಲ್ ಬಗ್ಗೆ ನೀವು ಹೇಳಿದ್ದು ನಿಜ.

ಟೊರಾಂಟೊ_ಕನ್ನಡತಿ:
ಸರಿ, ಅಪರೂಪ ಎಂದೇ ತಿದ್ದಿಕೊಳ್ಳುತ್ತೇನೆ.

ನೀಲಿನೀರು:
ಏಪ್ರಿಲ್‌ನಲ್ಲಿ ನೋಡಬೇಕಾದದ್ದು ಗಾಳಿಯನ್ನಲ್ಲ, ಸರ್ಗಾಸಮ್ ಎಂಬ ಕಂದು ಕಡಲಪಾಚಿಯನ್ನು. 2011ರಿಂದ ಅಟ್ಲಾಂಟಿಕ್‌ನಲ್ಲಿ ಅದು ರಾಶಿರಾಶಿಯಾಗಿ ತೇಲಿಬಂದು ತೀರಕ್ಕೆ ಬೀಳುತ್ತಿದೆ, ಕೊಳೆತಾಗ ಕೆಟ್ಟ ಮೊಟ್ಟೆಯ ವಾಸನೆ. ಬಾರ್ಬಡೋಸ್‌ನಲ್ಲಿ ಪೂರ್ವ ಮತ್ತು ಆಗ್ನೇಯ ತೀರಗಳಿಗೆ, ಟೊಬೇಗೊದಲ್ಲಿ ಅಟ್ಲಾಂಟಿಕ್ ಕಡೆಗೆ ಹೆಚ್ಚು. ಎರಡೂ ದ್ವೀಪಗಳಲ್ಲಿ ಕೆರಿಬಿಯನ್ ಸಮುದ್ರದ ಕಡೆ ಕೋಣೆ ಹಿಡಿಯಿರಿ. ನಾವು ಅಗ್ಗವೆಂದು ಪೂರ್ವದ ಕಡೆ ಹಿಡಿದು, ಐದು ದಿನ ಕಿಟಕಿ ತೆರೆಯಲಾಗದೆ ಕುಳಿತಿದ್ದೆವು.

ನನ್ನ ಅಭಿಪ್ರಾಯ ಕೇಳಿದರೆ ಬಾರ್ಬಡೋಸ್ ಬೇಡ, ಬರೀ ಟ್ರಿನಿಡಾಡ್ ಕೂಡ ಬೇಡ. ಮೂರು ರಾತ್ರಿ ಟ್ರಿನಿಡಾಡ್, ನಾಲ್ಕು ರಾತ್ರಿ ಟೊಬೇಗೊ. ಇದು ಒಂದೇ ದೇಶ, ವಿಮಾನದಲ್ಲಿ ಇಪ್ಪತ್ತೈದು ನಿಮಿಷದೊಳಗಿನ ದಾರಿ, ನಡುವೆ ಪಾಸ್‌ಪೋರ್ಟ್ ತಪಾಸಣೆಯಿಲ್ಲ. ಹಡಗಿನಲ್ಲಿ ಮೂರು ನಾಲ್ಕು ಗಂಟೆ, ಅಲೆ ಜೋರಿರುತ್ತದೆ, ಹಿರಿಯರಿಗೆ ಬೇಡ. ಮಗಳಿಗೆ ಬೇಕಾದದ್ದೆಲ್ಲ ಟೊಬೇಗೊದಲ್ಲಿದೆ. ಬಕ್ಕೂ ಹವಳದಿಬ್ಬಕ್ಕೆ ಗಾಜಿನ ತಳದ ದೋಣಿಯಲ್ಲಿ ಹೋಗುತ್ತಾರೆ, ಅಮ್ಮ ಒದ್ದೆಯಾಗದೆ ಕುಳಿತಲ್ಲಿಂದಲೇ ಹವಳ ನೋಡಬಹುದು. ದಾರಿಯಲ್ಲಿ ನೈಲಾನ್ ಪೂಲ್ ಎಂಬಲ್ಲಿ, ನಡುಗಡಲಿನಲ್ಲಿ ಬಿಳಿ ಮರಳಿನ ಮೇಲೆ ಸೊಂಟದ ಮಟ್ಟದ ನೀರು, ಈಜು ಬಾರದವರೂ ಇಳಿಯಬಹುದು. ಟೊಬೇಗೊದ ಬೆಟ್ಟದ ಕಾಡನ್ನು 1776ರಲ್ಲೇ ಕಾನೂನು ಮಾಡಿ ಕಾಪಾಡಿದರು, ಮಳೆ ಬರಲು ಕಾಡು ಬೇಕೆಂಬ ಕಾರಣಕ್ಕೆ. ಪಕ್ಷಿಗಳನ್ನು ಪ್ರೀತಿಸುವವರಿಗೆ ಅದು ಪುಣ್ಯಕ್ಷೇತ್ರ.

ಕಡಲಹಕ್ಕಿ:
ಆಮೆಗಳು?

ನೀಲಿನೀರು:
ಲೆದರ್‌ಬ್ಯಾಕ್ ಆಮೆಗಳು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊಟ್ಟೆಯಿಡಲು ಬರುತ್ತವೆ. ಹೆಸರಾದ ತೀರ ಟ್ರಿನಿಡಾಡಿನ ಗ್ರಾಂದ್ ರಿವಿಯೇರ್, ಆದರೆ ಅಲ್ಲಿಗೆ ಬೆಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಪ್ರಯಾಣ. ಟೊಬೇಗೊದ ಕೋರ್ಲೆಂಡ್ ಕೊಲ್ಲಿಗೂ ಅವು ಬರುತ್ತವೆ. ಮಾರ್ಗದರ್ಶಿಯ ಜೊತೆಗೇ ಹೋಗಿ, ಟಾರ್ಚ್ ಮತ್ತು ಫ್ಲಾಶ್ ಬಳಸಬೇಡಿ, ಬೆಳಕು ಕಂಡ ಆಮೆ ಮೊಟ್ಟೆಯಿಡದೆ ಹಿಂದಿರುಗುತ್ತದೆ. ನಾನು ಕಂಡ ಆಮೆ ನಮ್ಮ ಮನೆಯ ಊಟದ ಮೇಜಿನಷ್ಟು ಉದ್ದವಿತ್ತು. ಅದು ಮರಳು ತೋಡುವಾಗ ಬಿಡುತ್ತಿದ್ದ ನಿಟ್ಟುಸಿರು ಇನ್ನೂ ಕಿವಿಯಲ್ಲಿದೆ.

ಕಡಲಹಕ್ಕಿ:
ಟೊಬೇಗೊ ಸೇರಿಸುವುದಾದರೆ ನನ್ನ ವಿರೋಧ ಅರ್ಧಕ್ಕಿಳಿಯಿತು. ಉಳಿದರ್ಧ ಪೋರ್ಟ್ ಆಫ್ ಸ್ಪೇನ್‌ನ ರಾತ್ರಿಗಳ ಬಗ್ಗೆ, ಅದನ್ನು ನಾನು ಬಿಡುವುದಿಲ್ಲ.

ಟೊರಾಂಟೊ_ಕನ್ನಡತಿ:
ಈಸ್ಟರ್ ಮರೆಯಬೇಡಿ. 2026ರಲ್ಲಿ ಅದು ಏಪ್ರಿಲ್ 5. ಆ ಶುಕ್ರವಾರದಿಂದ ಸೋಮವಾರದವರೆಗೆ ಟ್ರಿನಿಡಾಡಿನವರೇ ಟೊಬೇಗೊಗೆ ಧಾವಿಸುತ್ತಾರೆ, ವಿಮಾನದ ಆಸನವೂ ಕೋಣೆಯೂ ಸಿಗುವುದಿಲ್ಲ. ಈಸ್ಟರ್ ನಂತರದ ಮಂಗಳವಾರ ಬಕ್ಕೂ ಹಳ್ಳಿಯಲ್ಲಿ ಮೇಕೆಗಳ ಓಟ ನಡೆಯುತ್ತದೆ, ಸುಮಾರು ನೂರು ವರ್ಷಗಳ ಪದ್ಧತಿ. ಓಡಿಸುವವರು ಹಗ್ಗ ಹಿಡಿದು ಮೇಕೆಯ ಹಿಂದೆಯೇ ಓಡುತ್ತಾರೆ. ನಮ್ಮ ಕಂಬಳ ನೋಡಿದವರಿಗೆ ಆ ಉತ್ಸಾಹ ಅರ್ಥವಾಗುತ್ತದೆ. ಜನ ಹಿಂದಿರುಗುವ ಹೊತ್ತಿಗೆ, ಮಂಗಳವಾರ ಬೆಳಿಗ್ಗೆ, ನೀವು ಟೊಬೇಗೊಗೆ ಹೋಗಿ. ಅದಕ್ಕೂ ಮುಂಚಿನ ದಿನಗಳು ಟ್ರಿನಿಡಾಡ್‌ಗೆ. ಒಂದು ಸಂಜೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿ. ನಾಲ್ಕು ಗಂಟೆಯ ಸುಮಾರಿಗೆ ಹೊರಡುತ್ತಾರೆ. ಸೂರ್ಯ ಇಳಿಯುವಾಗ ಕಡುಗೆಂಪು ಐಬಿಸ್ ಹಕ್ಕಿಗಳು ಸಾಲುಸಾಲಾಗಿ ಬಂದು ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮೇಲೆ ಕೂರುತ್ತವೆ, ಹಸಿರು ಗಿಡದಲ್ಲಿ ಒಮ್ಮೆಲೇ ಹೂ ಬಿಟ್ಟಂತೆ.

ಎಡಿಸನ್_ಮೈಸೂರಿಗ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಇಲ್ಲಿ ಬಂದ ಉತ್ತರಗಳನ್ನೆಲ್ಲ ಓದಿ ಹೇಳಿದೆ. ದತ್ತಪೀಠದ ಹನುಮಂತನ ವಿಷಯ ಕೇಳಿದ ಕೂಡಲೇ ಅಮ್ಮ ಟ್ರಿನಿಡಾಡ್ ಪರವಾದರು. ಮಗಳು ನೈಲಾನ್ ಪೂಲ್ ಚಿತ್ರಗಳನ್ನು ನೋಡಿ ಒಪ್ಪಿದಳು. ಹೆಂಡತಿ ಎರಡು ಷರತ್ತು ಹಾಕಿದ್ದಾಳೆ: ಚಾಲಕರನ್ನು ಮೊದಲೇ ಗೊತ್ತುಮಾಡಬೇಕು, ಸಂಜೆ ಏಳರ ನಂತರ ಹೊರಗೆ ಹೋಗಬಾರದು. ಕಡಲಹಕ್ಕಿಯವರ ಮಾತನ್ನು ಅವಳೇ ನನಗೆ ಎರಡು ಸಲ ಓದಿ ತೋರಿಸಿದಳು.

ನ್ಯೂಯಾರ್ಕಿನಿಂದ ಪೋರ್ಟ್ ಆಫ್ ಸ್ಪೇನ್‌ಗೆ ನೇರ ವಿಮಾನ, ಸುಮಾರು ಐದು ಗಂಟೆ. ನಾಲ್ಕನೇ ತಾರೀಖು ಹೊರಟು ಏಳರಂದು ಟೊಬೇಗೊ, ಹನ್ನೊಂದಕ್ಕೆ ಮರಳಿ ಪೋರ್ಟ್ ಆಫ್ ಸ್ಪೇನ್, ಅಲ್ಲಿ ಒಂದು ರಾತ್ರಿ ಉಳಿದು ಹನ್ನೆರಡರ ಮಧ್ಯಾಹ್ನ ಮನೆಗೆ. ಹನ್ನೆರಡು ಭಾನುವಾರ. ಅಂದು ಬೆಳಿಗ್ಗೆ ಓವಲ್ ಒಳಗೆ ಬಿಡುತ್ತಾರೆಯೇ?

ಟೊರಾಂಟೊ_ಕನ್ನಡತಿ:
ಮೈದಾನ ಕ್ವೀನ್ಸ್ ಪಾರ್ಕ್ ಕ್ರಿಕೆಟ್ ಕ್ಲಬ್ಬಿನದು. ಭಾನುವಾರವಾದ್ದರಿಂದ ಸುಮ್ಮನೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಈಗಲೇ ಕ್ಲಬ್ಬಿಗೆ ಪತ್ರ ಬರೆದು, ತಂದೆಯವರ ವಯಸ್ಸು ಮತ್ತು 1976ರ ಕಾರಣ ಎರಡನ್ನೂ ತಿಳಿಸಿ ಅನುಮತಿ ಕೇಳಿ.

ಹಳೆಯ_ರೇಡಿಯೊ:
ಒಳಗೆ ಬಿಟ್ಟರೆ ಉತ್ತರದ ಬೆಟ್ಟಸಾಲು ಎದುರಿಗೆ ಕಾಣುವ ಕಡೆ ಅವರನ್ನು ಕೂರಿಸಿ. ವಿಶ್ವನಾಥ್ ಅವರ 112ರ ಲೆಕ್ಕ ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ್ದು ಇನ್ನೂ ಇದೆ. ಅದರ ಚಿತ್ರ ತೆಗೆದು ಇಂದೇ ನಿಮಗೆ ಕಳುಹಿಸುತ್ತೇನೆ, ತಂದೆಯವರಿಗೆ ಅಲ್ಲಿ ಕೊಡಿ.